ಕಿರುಚುವ ಮೀಟರು

ಮೊಬೈಲ್ ಟವರಿನಿಂದ ಬರುವ ವಿಕಿರಣ ಮನುಷ್ಯನಿಗೆ ಕೆಡುಕು ಮಾಡುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿದಷ್ಟು ಜನ, ಚೆನ್ನಾಗಿದ್ದೀರಾ ಎಂದು ಕೇಳಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ. ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ನನ್ನ ಸ್ವಂತ ಅಣ್ಣನನ್ನು ಮಣ್ಣು ಮಾಡಿ ಬರುವ ದಾರಿಯಲ್ಲಿ ಒಬ್ಬರು ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದು ಕೇಳಿದರು. ನಿವೃತ್ತನಾದ ಮೇಲೂ ಇದು ನಿಂತಿಲ್ಲ.

ಈಗ ಟೆಲಿಫೋನ್ ಇಲಾಖೆಯ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ನನಗಿಂತ ಹೆಚ್ಚು ಓದಿದವರು. ಯಂತ್ರದ ವಿಚಾರದಲ್ಲಿ ಅವರಿಗೆ ನಾನು ಹೇಳಿಕೊಡುವಂಥದ್ದು ಏನೂ ಉಳಿದಿಲ್ಲ. ಆದರೆ ಯಂತ್ರ ಹಿಡಿದು ಒಂದು ಊರೊಳಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ಯಾವ ಟ್ರೈನಿಂಗಿನಲ್ಲೂ ಹೇಳುವುದಿಲ್ಲ. ಅದನ್ನು ಬರೆಯುತ್ತೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವೆಲ್ಲ ಎಲ್ಲರಿಗೂ ಒಂದೇ ತರ. ಅವನ್ನು ಬಿಟ್ಟಿದ್ದೇನೆ.

ನಾನು ನಂಜನಗೂಡು ತಾಲ್ಲೂಕಿನವನು. ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ, ಕುಯ್ಲು ಮಾಡಿ ನಮ್ಮನ್ನು ಸಾಕಿದರು. ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಮನೆಯಲ್ಲಿ ಕರೆಂಟು ಇಲ್ಲದೆ ಎಲೆಕ್ಟ್ರಾನಿಕ್ಸ್ ಓದಿದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಓದಿದವನು ನಿಜ ಹೇಳಿದರೆ ಜನ ಕೇಳುತ್ತಾರೆ ಎಂದು ನಂಬಿ ಕೆಲಸಕ್ಕೆ ಸೇರಿದೆ. ಅಂಬೇಡ್ಕರ್ ಫೋಟೋದ ಕೆಳಗೆ ಕೂತು ಓದಿದ ಹುಡುಗ ಇನ್ನೇನು ನಂಬಬೇಕು ಹೇಳಿ.

ಸೇರಿದಾಗ ಇದ್ದದ್ದು ತಂತಿಯ ಫೋನು. ಆ ಕಾಲದ ದೂರುಗಳು ಸರಳವಾಗಿದ್ದವು. ಕಂಬ ವಾಲಿದೆ, ತಂತಿ ಕಡಿದಿದೆ, ಹೊಸ ರಸ್ತೆಗೆ ಅಗೆದವರು ಕೇಬಲ್ ಕಿತ್ತಿದ್ದಾರೆ. ಹೋಗಿ ನೋಡಿದರೆ ಕಣ್ಣಿಗೆ ಕಾಣುತ್ತಿತ್ತು, ಜೋಡಿಸಿದರೆ ಮುಗಿಯುತ್ತಿತ್ತು. ಮೊಬೈಲ್ ಬಂದ ಮೇಲೆ ಕೆಟ್ಟಿರುವುದೂ ಕಾಣುವುದಿಲ್ಲ, ಸರಿಯಾಗಿರುವುದೂ ಕಾಣುವುದಿಲ್ಲ. ಕಾಣದಿರುವುದರ ಮೇಲೆ ಜನ ಏನನ್ನು ಬೇಕಾದರೂ ಹೊರಿಸಬಹುದು. ಹೊರಿಸಿದರು. ಗುಬ್ಬಚ್ಚಿ ಹೋಯಿತು, ಟವರು. ಹಸು ಗಬ್ಬ ನಿಲ್ಲಲಿಲ್ಲ, ಟವರು. ಹುಡುಗ ಎಸ್ಸೆಲ್ಸಿ ಫೇಲಾದ, ಅದಕ್ಕೂ ಟವರು.

ಟವರಿನ ಮೊದಲ ದೂರಿನಲ್ಲೇ ನಾನು ಎಡವಿದೆ. ಬನ್ನೂರು ಕಡೆಯ ಒಂದು ಊರಲ್ಲಿ ಎಳನೀರು ಕಾಯಿ ಬಲಿಯುವ ಮೊದಲೇ ಉದುರುತ್ತಿವೆ, ಟವರಿನ ವಿಕಿರಣ ಬಡಿದು ಹೀಗಾಗಿದೆ ಎಂದು ಅರ್ಜಿ ಕೊಟ್ಟಿದ್ದರು. ಕಾಯಿ ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ಕಂದು ಕಲೆ. ತೆಂಗಿಗೆ ಬರುವ ನುಸಿ ರೋಗ. ಅಷ್ಟು ಹೇಳಿ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಡಿಗ್ರಿ ಮಾಡಿದ ಹುಮ್ಮಸ್ಸು. ಅರಳಿಕಟ್ಟೆಯ ಮೇಲೆ ನಿಂತು ಪಾಠ ಶುರುಮಾಡಿದೆ. ವಿಕಿರಣ ಎಂದರೆ ಹೆದರಬಾರದು, ಎಕ್ಸ್‌ರೇಯೂ ವಿಕಿರಣವೇ, ರೇಡಿಯೋ ಅಲೆಯೂ ವಿಕಿರಣವೇ, ಅಷ್ಟೇ ಏಕೆ, ನಾವು ಕೂತಿರುವ ಈ ಬಿಸಿಲೂ ಒಂದು ವಿಕಿರಣವೇ ಎಂದೆ. ಎಲ್ಲರೂ ಚೆನ್ನಾಗಿ ತಲೆಯಾಡಿಸಿದರು. ಮುಂದಿನ ವಾರ ಅಲ್ಲಿಂದ ಎರಡನೇ ಅರ್ಜಿ ಬಂತು. ಇಂಜಿನಿಯರ್ ಸಾಹೇಬರು ಖುದ್ದಾಗಿ ಬಂದು, ಟವರಿನಿಂದ ಎಕ್ಸ್‌ರೇ ಬರುತ್ತದೆ ಎಂದು ಊರವರ ಸಮ್ಮುಖದಲ್ಲಿ ಒಪ್ಪಿಕೊಂಡಿರುತ್ತಾರೆ ಎಂದು ಅದರಲ್ಲಿತ್ತು. ಕಚೇರಿಯಲ್ಲಿ ನನಗೆ ಒಂದಷ್ಟು ಕಾಲ ಎಕ್ಸ್‌ರೇ ಎಂದೇ ಹೆಸರು.

ಇನ್ನೊಂದು ಊರಲ್ಲಿ ಟವರಿಗೆ ಜಾಗ ಕೊಟ್ಟವರು ನಮ್ಮವರು, ಊರ ಹೊರಗಿನ ಬೀದಿಯ ಒಂದು ಮನೆಯವರು. ಹೊಲದ ಮೂಲೆಗೆ ಬಾಡಿಗೆ ಬರತೊಡಗಿದ ಮೇಲೆ ಒಳಗಿನ ಬೀದಿಯವರಿಗೆಲ್ಲ ತಲೆನೋವು ಹಿಡಿಯಿತು. ವಿಚಾರಣೆಗೆ ಹೋದಾಗ ಅರ್ಜಿಗೆ ಮೊದಲ ಸಹಿ ಹಾಕಿದ ಯಜಮಾನರು ನನ್ನನ್ನು ಬೈಕಿನವರೆಗೂ ಬಿಡಲು ಬಂದರು. ಬಂದು ಮೆಲ್ಲಗೆ ಹೇಳಿದರು: “ಅದ ಅಲ್ಲಿಂದ ಕಿತ್ತು ನಮ್ಮ ತ್ವಾಟದ ಮೂಲೆಗೆ ಆಕ್ಸಿ ಸಾ. ಜಾಗ ನಾನ್ ಕೊಡ್ತೀನಿ.”

“ತಲೆನೋವು ಅಂದ್ರಲ್ಲ ಯಜಮಾನ್ರೇ?”

“ತಡ್ಕಬೈದು ಬುಡಿ.”

ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ. ಆ ಬಡಪಾಯಿ ಮನೆಯವರು ಊರಿನ ಹಗೆ ಬೇಡವೆಂದು ತಾವೇ ಕಂಪನಿಯವರಿಗೆ ಹೇಳಿ ಟವರು ತೆಗೆಸಿದರು.

ಇನ್ನು ಅಳತೆಯ ವಿಷಯ. ಮೊದಲು ನಾವು ಅಳೆಯುತ್ತಲೇ ಇರಲಿಲ್ಲ. ಆಂಟೆನಾ ಎಷ್ಟು ಎತ್ತರ, ಎಷ್ಟು ಶಕ್ತಿ, ಮನೆ ಎಷ್ಟು ದೂರ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಮಿತಿಯೊಳಗಿದೆ ಎಂದು ಬರೆಯುತ್ತಿದ್ದೆವು. ಆಮೇಲೆ ಕೈಯಲ್ಲಿ ಹಿಡಿಯುವ ಮೀಟರು ಬಂತು. ಗಿಲಕಿಯ ತರ ಮೇಲೊಂದು ಗುಂಡು, ಕೆಳಗೊಂದು ಹಿಡಿ, ಮಿತಿ ದಾಟಿದರೆ ಕಿರುಚಲು ಒಂದು ಸ್ಪೀಕರು. ಇನ್ನೂ ಆಮೇಲೆ ಯಾವ ಕಂಪನಿಯ ಅಲೆ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುವ ಯಂತ್ರ ಬಂತು. ಮೂರು ಕಾಲದಲ್ಲೂ ನಮ್ಮ ಕಡೆಯ ಹಳ್ಳಿಗಳಲ್ಲಿ ನಾನು ಕಂಡ ಉತ್ತರ ಒಂದೇ. ಮಿತಿಗಿಂತ ತುಂಬಾ ಕಡಿಮೆ. ಟವರಿನ ಬುಡದಲ್ಲಂತೂ ಇನ್ನೂ ಕಡಿಮೆ. ದೀಪದ ಕೆಳಗೆ ಕತ್ತಲು ಎಂಬಂತೆ ಅದರ ಅಲೆ ಅಡ್ಡಡ್ಡ ಹೋಗುತ್ತದೆ, ಕೆಳಕ್ಕೆ ಸುರಿಯುವುದಿಲ್ಲ.

ಹಾಗಾದರೆ ಅಪಾಯ ಇಲ್ಲವೇ ಇಲ್ಲವೇ? ನನಗೆ ತಿಳಿದಷ್ಟು ಹೇಳುತ್ತೇನೆ. ಈ ಅಲೆಗಳಿಗೆ ಎಕ್ಸ್‌ರೇಯ ಹಾಗೆ ಮೈಯೊಳಗಿನ ಅಣುಗಳನ್ನು ಒಡೆಯುವ ಬಲವಿಲ್ಲ. ತುಂಬಾ ಹೆಚ್ಚಾದರೆ ಮೈಯನ್ನು ಬಿಸಿ ಮಾಡಬಲ್ಲವು. ಆ ಬಿಸಿ ತಾಕುವುದಕ್ಕಿಂತ ಎಷ್ಟೋ ಕೆಳಗೆ ಮಿತಿ ಹಾಕಿದ್ದಾರೆ. ಅದರ ಒಳಗೆ ಇದ್ದಾಗ ಕಾಯಿಲೆ ಬರುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. ವರ್ಷಗಟ್ಟಲೆ ಫೋನನ್ನು ಕಿವಿಗೆ ಒತ್ತಿಕೊಂಡು ಮಾತಾಡಿದರೆ ಏನು ಎಂಬುದನ್ನು ಬಲ್ಲವರು ಇನ್ನೂ ನೋಡುತ್ತಲೇ ಇದ್ದಾರೆ, ಆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ‘ಪುರಾವೆ ಸಿಕ್ಕಿಲ್ಲ’ ಎಂದು ನಾನು ಹೇಳಬಲ್ಲೆ. ‘ಇಲ್ಲವೇ ಇಲ್ಲ’ ಎಂದು ಆಣೆಯಿಟ್ಟು ಹೇಳಲಾರೆ. ಈ ಎರಡು ಮಾತಿನ ನಡುವೆ ಒಂದು ಸಂದಿಯಿದೆ. ವಿಜ್ಞಾನಕ್ಕೆ ಅದು ಸಣ್ಣ ಸಂದಿ. ಒಂದು ಮನೆ ಅದರೊಳಗೆ ಬಿದ್ದುಹೋದದ್ದನ್ನು ನಾನು ನೋಡಿದ್ದೇನೆ.

ತಿ. ನರಸೀಪುರ ತಾಲ್ಲೂಕು, ಹೆಮ್ಮಿಗೆಯಿಂದ ಒಳಗೆ ಹೋದರೆ ಸಿಗುವ ಊರು. ಹೆಸರು ಬೇಡ. ಅಲ್ಲಿನ ಶಿವನಂಜಪ್ಪ ಎಂಬವರು ಅರ್ಜಿದಾರರು. ಮಠಕ್ಕೆ ನಡೆದುಕೊಳ್ಳುವ, ಹಣೆ ತುಂಬ ವಿಭೂತಿಯ, ನಾಲ್ಕು ಜನ ಮಾತು ಕೇಳುವ ಮನುಷ್ಯ. ಅವರ ಮನೆ ಹಿತ್ತಿಲಿನಾಚೆ ಪಕ್ಕದವರ ಜಮೀನಿನಲ್ಲಿ ಟವರು. ಸೊಸೆ ಪವಿತ್ರಾಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಟವರು ಬಂದ ಮೇಲೆಯೇ ಎರಡೂ ಹೋದದ್ದು. ಈಗ ಮೂರನೆಯದು ನಿಂತಿದೆ, ದಯಮಾಡಿ ಟವರು ತೆಗೆಸಿ, ನಮ್ಮ ವಂಶ ಉಳಿಸಿ ಎಂದು ಬರೆಸಿದ್ದರು.

ನಾನು ಮೊದಲು ಒಬ್ಬನೇ ಹೋಗಿ ಬಂದೆ. ಶಿವನಂಜಪ್ಪನವರು ಮರ್ಯಾದೆಯಿಂದಲೇ ಮಾತಾಡಿದರು. ನಿಮ್ಮದು ಯಾವೂರು, ಊರಲ್ಲಿ ಯಾವ ಬೀದಿ, ಯಾರ ಪೈಕಿ ಎಂದೆಲ್ಲ ಕೇಳಿದರು. ತಿಳಿದ ಮೇಲೆ ಕಾಫಿ ಹೊರಗೆ ಜಗಲಿಗೇ ಬಂತು. ನನಗೆ ಇದು ಹೊಸದಲ್ಲ. ಲೋಟ ತಂದುಕೊಟ್ಟವಳು ಪವಿತ್ರಾ. ಬಿಳಿಗೆರೆ ಕಡೆಯ ಹುಡುಗಿ, ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳಂತೆ. ಬಿ.ಎಡ್ ಆಗಿತ್ತು, ಟೀಚರ್ ಪರೀಕ್ಷೆಗೆ ಫೋನಿನಲ್ಲಿ ಪಾಠ ಕೇಳಿಕೊಂಡು ಓದುತ್ತಿದ್ದಳು. ಇದನ್ನು ಹೇಳಿದವರು ಅತ್ತೆ ಗೌರಮ್ಮ, ಹೆಮ್ಮೆಯಿಂದಲೇ. ಸೊಸೆ ನೆಲಕ್ಕೆ ಕೂರದಂತೆ ಆಕೆಯೇ ಮಣೆ ತಂದು ಹಾಕಿದರು. ಎರಡು ಸಲ ಕಳೆದುಕೊಂಡ ಹೆಣ್ಣುಮಗಳನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುವ ಮನೆ ಅದು. ಅದನ್ನು ನಾನು ಮರೆಮಾಚಬಾರದು.

ಡಾಕ್ಟರು ಏನು ಹೇಳಿದರು ಎಂದು ಕೇಳಿದೆ. ಮೈಸೂರಿನಲ್ಲಿ ರಕ್ತದ ಪರೀಕ್ಷೆ ಏನೇನೋ ಬರೆದುಕೊಟ್ಟಿದ್ದರಂತೆ. “ಕಾರಣ ಕಣ್ಮುಂದೇ ನಿಂತದಲ್ಲ ಸಾ, ರಕ್ತ ಯಾಕ್ ಕೊಡ್ಬೇಕು?” ಎಂದು ಗೌರಮ್ಮ ಹಿತ್ತಿಲ ಕಡೆ ಕೈ ತೋರಿಸಿ ಟವರಿಗೆ ನೆಟಿಗೆ ಮುರಿದು ಶಾಪ ಹಾಕಿದರು. ಪರೀಕ್ಷೆ ಮಾಡಿಸಿ ಎಂದು ನಾನು ಹೇಳಿದೆ. ಮಾಡಿಸೋಣ, ಮೊದಲು ಇದನ್ನು ತೆಗೆಸಿ ಎಂದರು.

ಅಳತೆಯ ದಿನ ಮೇಲಿನ ಕಚೇರಿಯಿಂದ ನಮ್ಮ ಸಾಹೇಬರೂ ಬಂದರು. ಬುದ್ಧಿವಂತರು, ಕೆಟ್ಟವರಲ್ಲ. ಆದರೆ ಅವರಿಗೆ ಜನರೆದುರು ಪ್ರದರ್ಶನ ಮಾಡುವ ಚಪಲ. ಅವರದೊಂದು ಪದ್ಧತಿಯಿತ್ತು. ಟವರು ಅಳೆದಾದ ಮೇಲೆ ಮೀಟರಿನ ಸ್ಪೀಕರ್ ಹಾಕಿ, ಒಂದು ಮೊಬೈಲಿಗೆ ಕಾಲ್ ಮಾಡಿಸಿ, ಅದನ್ನು ಮೀಟರಿನ ಗುಂಡು ತಲೆಗೆ ತಾಕಿಸುವುದು. ಮೀಟರು ಕಿರುಚಿಕೊಳ್ಳುತ್ತದೆ. ಆಗ, ನೋಡಿ, ನಿಮ್ಮ ಟವರಿಗಿಂತ ನಿಮ್ಮ ಜೇಬಿನಲ್ಲಿರುವುದೇ ಜಾಸ್ತಿ ಎನ್ನುವುದು. ಜನ ಬಾಯಿ ಮುಚ್ಚುತ್ತಾರೆ, ಅರ್ಜಿ ಮುಗಿಯುತ್ತದೆ.

ಆ ಮೀಟರು ದೂರದ ಟವರನ್ನು ಅಳೆಯಲು ಮಾಡಿದ್ದು. ಮೈಗೆ ಅಂಟಿದ ಫೋನಿನ ಲೆಕ್ಕವೇ ಬೇರೆ, ಅದನ್ನು ಲ್ಯಾಬಿನಲ್ಲಿ ಬೇರೆ ರೀತಿ ಅಳೆಯುತ್ತಾರೆ. ಆ ಗುಂಡು ತಲೆಗೆ ಫೋನು ತಾಕಿಸಿ ನೋಡುವುದು, ದೊಡ್ಡ ತಕ್ಕಡಿಯ ತಟ್ಟೆಯನ್ನು ಕೈಯಲ್ಲಿ ಒತ್ತಿ, ನೋಡಿ ನನ್ನ ಕೈ ಎಷ್ಟು ಭಾರ ಎಂದ ಹಾಗೆ. ಜೀಪಿನಲ್ಲಿ ಇದನ್ನು ಹೇಳಿದೆ, ಇದು ಬಸುರಿ ಇರುವ ಮನೆ, ಇವತ್ತು ಬೇಡ ಸಾರ್ ಎಂದೂ ಹೇಳಿದೆ. “ಥಿಯರಿ ನನಗೂ ಗೊತ್ತು ಕಣ್ರೀ. ಹಳ್ಳಿ ಜನಕ್ಕೆ ಕಣ್ಣಿಗೆ ಕಾಣಬೇಕು” ಎಂದರು.

ಟವರು ಅಳೆದೆವು. ಹಿತ್ತಿಲು, ಅಡುಗೆಮನೆಯ ಕಿಟಕಿ, ಮಹಡಿ, ಪವಿತ್ರಾ ಮಲಗುವ ಕೋಣೆ. ಕೋಣೆಯೊಳಕ್ಕೆ ಮೀಟರು ಹಿಡಿದು ಹೋದವರು ಸಾಹೇಬರು, ನಾನು ಕಿಟಕಿಯಾಚೆ ನಿಂತು ಬರೆದುಕೊಂಡೆ. ಎಲ್ಲ ಕಡೆಯೂ ಮಿತಿಗಿಂತ ತೀರಾ ಕಡಿಮೆ. ಮೀಟರು ಉಸಿರೆತ್ತಲಿಲ್ಲ. ಸೇರಿದ್ದ ಜನಕ್ಕೆ ನಿರಾಸೆಯಾಯಿತು. “ಬ್ಯಾಟ್ರಿ ಇದ್ದದಾ ಸಾ ಇದರೊಳ್ಗೆ?” ಎಂದು ಯಾರೋ ಹಿಂದಿನಿಂದ ಕೇಳಿ ನಗಿಸಿದರು. ಸಾಹೇಬರು ಕಾಯುತ್ತಿದ್ದದ್ದೇ ಈ ಮಾತಿಗೆ. ಶಿವನಂಜಪ್ಪನವರ ಫೋನನ್ನೇ ಇಸಿದುಕೊಂಡು ಕಾಲ್ ಹಾಕಿ ತಾಕಿಸಿದರು.

ಮೀಟರು ಕಿರುಚಿದ ಸದ್ದಿಗೆ ಕೊಟ್ಟಿಗೆಯ ಕರು ಹಗ್ಗ ಜಗ್ಗಿತು.

ಆಮೇಲೆ ಅಲ್ಲಿ ಹಬ್ಬ. ನಂದೂ ನೋಡಿ ಸಾ, ನಂದೂ ನೋಡಿ ಸಾ ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಸದ್ದು ಜೋರಾಗಿ ಬಂದ ಫೋನಿನವನು ಗೆದ್ದವನ ಹಾಗೆ ಬೀಗಿದ. ಸದ್ದು ಕಡಿಮೆ ಬಂದವನಿಗೆ, “ನಿಂದು ಡೂಪ್ಲಿಕೇಟು ಕಣ್ಲಾ” ಎಂದು ಗೇಲಿ. ಇದು ಸರಿಯಾದ ಅಳತೆಯಲ್ಲ, ಈ ಮೀಟರು ಇದಕ್ಕಲ್ಲ ಎಂದು ನಾನು ಹೇಳತೊಡಗಿದೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಸಾಹೇಬರ ಕಿವಿಗೆ ಬಿತ್ತು, ಕಣ್ಣಲ್ಲೇ ತಡೆದರು.

ಗೌರಮ್ಮ ಒಬ್ಬರೇ ನಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಮುಂದೆ ಬಂದು ಕೇಳಿದರು: “ಸಾ, ಇದು ವಟ್ಟೇಲಿರೋ ಮಗೀಗೂ ತಾಕ್ತದಾ?”

ಸಾಹೇಬರು ಮೀಟರಿನ ಸ್ಪೀಕರ್ ಆರಿಸಿದರು. “ಹಾಗಂತ ಸಾಬೀತಾಗಿಲ್ಲ ತಾಯಿ. ಆದರೆ ಎಚ್ಚರಿಕೆ ಒಳ್ಳೇದಲ್ವಾ? ಆದಷ್ಟು ದೂರ ಇಡಿ.”

ಈ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ಯಾವ ಸಮಿತಿಯೆದುರು ಓದಿದರೂ ಪಾಸಾಗುತ್ತದೆ. ಮಾತು ಮುಗಿಯುವ ಹೊತ್ತಿಗೆ ಗೌರಮ್ಮ ಒಳಗೆ ಹೋಗಿದ್ದರು. ಪವಿತ್ರಾಳ ಕೈಯಿಂದ ಫೋನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ತಲೆ ಸವರಿ ತೆಗೆದುಕೊಂಡರು. ಬಾಗಿಲ ಸಂದಿಯಿಂದ ಅಷ್ಟು ನನಗೆ ಕಂಡಿತು. ಅರ್ಜಿ ಇತ್ಯರ್ಥವಾಯಿತು. ವಾಪಸು ಬರುವಾಗ ಸಾಹೇಬರು ಹೆಮ್ಮಿಗೆಯಲ್ಲಿ ಜೀಪು ನಿಲ್ಲಿಸಿ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದರು.

ಅದಾಗಿ ಎಷ್ಟೋ ತಿಂಗಳ ಮೇಲೆ, ನನ್ನ ಸರ್ವೀಸು ಇನ್ನೇನು ಮುಗಿಯುವ ಹೊತ್ತಿಗೆ, ಕಚೇರಿಗೆ ಇಬ್ಬರು ಹೆಂಗಸರು ಬಂದರು. ಪವಿತ್ರಾ ಮತ್ತು ಅವಳ ತಾಯಿ. ಗುರುತು ಸಿಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಇಳಿದುಹೋಗಿದ್ದಳು.

ಏನಾಯಿತೆಂದು ತಾಯಿಯೇ ಹೇಳಿದರು. ಫೋನು ಬೀರು ಸೇರಿದ ಮೇಲೆ ಪವಿತ್ರಾಳ ಪರೀಕ್ಷೆಯ ಓದು ನಿಂತಿತು. ಅದಕ್ಕೆ ಅವಳೂ ಒಪ್ಪಿದ್ದಳು, ಮಗು ಒಂದು ಬಂದರೆ ಸಾಕು ಎಂದು. ಗಂಡನಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಏಳನೇ ತಿಂಗಳಲ್ಲಿ ಕಾಲು ಊದಿತು, ಕಣ್ಣಿಗೆ ಮಂಜು ಕಟ್ಟಿದ ಹಾಗೆ ಆಗತೊಡಗಿತು. ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದರು ಅತ್ತೆ. ಅವಳಿಗೆ ಸಮಾಧಾನವಾಗದೆ, ಮನೆಯವರು ಹೊಲಕ್ಕೆ ಹೋದಾಗ ಪಕ್ಕದ ಮನೆಯವರ ಫೋನು ಇಸಿದುಕೊಂಡು ಆಶಾ ಕಾರ್ಯಕರ್ತೆಗೆ ಕಾಲ್ ಮಾಡಿದಳು. ಆಕೆ ಸಿಗಲಿಲ್ಲ. ಮತ್ತೆ ಮಾಡಿದಳು. ಮೂರನೇ ಸಲ ಸಿಕ್ಕರು, ಇವತ್ತೇ ಆಸ್ಪತ್ರೆಗೆ ಬಾ, ಇದು ಬಿ.ಪಿ. ಇದ್ದ ಹಾಗಿದೆ ಎಂದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಪಕ್ಕದ ಮನೆಯವರು ಆಡಿದ ಮಾತಿನಿಂದ ಫೋನಿನ ವಿಷಯ ಗೌರಮ್ಮನಿಗೆ ತಿಳಿಯಿತು. ಕದ್ದು ಕದ್ದು ಫೋನು ಮಾಡಿದ್ದಾಳೆ. ಅದೂ ಆ ಹೊಟ್ಟೆ ಇಟ್ಟುಕೊಂಡು. ನನ್ನ ಮೊಮ್ಮಗನನ್ನು ಕೈಯಾರೆ ತಿಂದಳು ಎಂದರಂತೆ. ಬಾಣಂತನಕ್ಕೆಂದು ಹೋಗಬೇಕಾದವಳು ಬರಿಗೈಲಿ ತವರಿಗೆ ಬಂದಳು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆ ಎಂಬ ಮಾತೂ ಬಂತು.

ಪವಿತ್ರಾ ಆಗ ಕೇಳಿದಳು: “ಫೋನಿಂದ ಹೋಯ್ತಾ ಸರ್ ಮಗು?”

ಇಲ್ಲಮ್ಮ ಎಂದೆ. ತಡವರಿಸದೆ ಹೇಳಿದೆ. ಆಶಾಗೆ ಮಾಡಿದ ಮೂರು ಫೋನ್ ಕರೆಯಿಂದ ಮಗು ಹೋಗುವುದಿಲ್ಲ, ಬಿ.ಪಿ.ಯಿಂದ ಹೋಗುತ್ತದೆ.

“ಹಾಗಂತ ಬರೆದುಕೊಡಿ. ಆಫೀಸಿನ ಸೀಲು ಹಾಕಿ ಕೊಡಿ.”

ಇಷ್ಟು ವರ್ಷದಲ್ಲಿ ನಾನು ಅದೆಷ್ಟೋ ವರದಿಗೆ ಸೀಲು ಹಾಕಿದ್ದೇನೆ. ಟವರು ನಿರಪರಾಧಿ ಎಂದು ಬರೆಯಲು ನಮೂನೆಯಿದೆ. ಒಬ್ಬ ಹುಡುಗಿ ನಿರಪರಾಧಿ ಎಂದು ಬರೆಯಲು ನಮ್ಮಲ್ಲಿ ನಮೂನೆಯಿಲ್ಲ. ಆಸ್ಪತ್ರೆಯ ಚೀಟಿ ತೋರಿಸಿದಿರಾ ಎಂದೆ. ತೋರಿಸಿದ್ದರು. ಬಿ.ಪಿ. ಯಾಕೆ ಬಂತು, ಫೋನಿಂದಲೇ ಬಂತು ಎಂದರಂತೆ. ನಾನೇ ಬಂದು ಹೇಳುತ್ತೇನೆ, ನೀವು ಊರಿಗೆ ಹೋಗಿ ಎಂದು ಕಳಿಸಿದೆ.

ಸಾಹೇಬರು ಆಗ ಬೇರೆ ಊರಿಗೆ ವರ್ಗವಾಗಿದ್ದರು. ಫೋನು ಮಾಡಿ, ನಿಮ್ಮ ಬಾಯಲ್ಲಿ ಒಂದು ಮಾತು ಹೇಳಿ ಸಾರ್, ಅವರು ನಿಮ್ಮನ್ನು ನಂಬುತ್ತಾರೆ ಎಂದು ಬೇಡಿದೆ. ಅವರಿಗೂ ಬೇಜಾರಾಯಿತು. “ಆದರೆ ನಾನೇನು ತಪ್ಪು ಹೇಳಿದೆ ಹೇಳ್ರೀ? ಎಚ್ಚರಿಕೆ ಅಂದೆ ಅಷ್ಟೇ. ನೀವೂ ಅವರ ಮನೆ ವಿಷಯಕ್ಕೆ ಹೋಗ್ಬೇಡಿ, ರಿಟೈರ್ ಆಗೋ ಟೈಮು” ಎಂದು ಫೋನು ಇಟ್ಟರು.

ಹೋದೆ. ಶಿವನಂಜಪ್ಪನವರು ಜಗಲಿಯ ಮೇಲೆ ಕೂತಿದ್ದರು. ಈ ಸಲವೂ ನಾನು ಜಗಲಿಯಲ್ಲೇ. ಮನುಷ್ಯ ಒಂದೇ ವರ್ಷದಲ್ಲಿ ಮುದುಕರಾಗಿದ್ದರು. ಎಲ್ಲ ಕೇಳಿಸಿಕೊಂಡರು. ಫೋನಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಆ ಕಾಲ್ ಮಾಡದಿದ್ದರೆ ಹುಡುಗಿಯೂ ಉಳಿಯುತ್ತಿರಲಿಲ್ಲ ಎಂದೆ. ಮೊದಲೇ ಬರೆದುಕೊಟ್ಟ ರಕ್ತಪರೀಕ್ಷೆ ಮಾಡಿಸಿದ್ದರೆ ಏನಾದರೂ ತಿಳಿಯುತ್ತಿತ್ತೇನೋ, ಮುಂದಾದರೂ ಮಾಡಿಸಿ ಎಂದೆ.

“ನೀವು ಬಾಯಲ್ಲಿ ಯೋಳ್ತಿದ್ದೀರಿ ಸಾ. ಅವತ್ತು ಮಿಷಿನ್ನು ಯೋಳ್ತು. ನಾನು ಯಾವುದ ನಂಬ್ಲಿ?”

ಆ ಮಿಷಿನ್ನು ಫೋನು ಅಳೆಯುವುದಕ್ಕಲ್ಲ, ಅವತ್ತು ತೋರಿಸಿದ್ದು ಸರಿಯಾದ ಅಳತೆಯಲ್ಲ ಎಂದೆ.

“ಅಂಗಾರೆ ಟವರ್ ಅಳ್ದಿದ್ದೂ ಸುಳ್ಳಾ?”

ಇಲ್ಲ, ಅದು ನಿಜ.

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಅದೇ ಕಷ್ಟ. “ಒಂದೇ ಮಿಷಿನ್ನು. ಟವರ್ಗೆ ನಿಜ ಯೋಳ್ತದೆ, ಫೋನ್ಗೆ ಸುಳ್ಳು ಯೋಳ್ತದೆ. ನಾವು ಓದ್ದೋರಲ್ಲ ಸಾ, ಆದ್ರೆ ಅಷ್ಟೂ ದಡ್ರಲ್ಲ. ಆ ಸಾಹೇಬ್ರು ಬಂದು ಯೋಳ್ಲಿ. ಇಲ್ಲಾ, ಏನೂ ತೊಂದ್ರೆ ಇಲ್ವೇ ಇಲ್ಲ ಅಂತ ನೀವು ಈ ನಂಜುಂಡೇಶ್ವರನ ಪಟ ಮುಟ್ಟಿ ಯೋಳಿ.”

ಪಟ ಇದ್ದದ್ದು ಒಳಗೆ, ನಡುಮನೆಯ ಗೋಡೆಯ ಮೇಲೆ. ನಾನು ಇದ್ದದ್ದು ಹೊರಗೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಕರೆದಿದ್ದರೆ ಮುಟ್ಟುತ್ತಿದ್ದೆನೋ ಏನೋ, ನಾನು ದೇವರನ್ನು ಬಿಟ್ಟು ಬಹಳ ವರ್ಷವಾಗಿತ್ತು. ಅಷ್ಟರಲ್ಲಿ ಗೌರಮ್ಮ ಬಾಗಿಲಿಗೆ ಬಂದರು. “ನಾನು ಅವಳ್ನ ಮಗಳ ತರ ನೋಡ್ಕಂಡೆ ಕಣಪ್ಪ. ಒಂದೇ ಒಂದು ಮಾತು ಕೇಳ್ಕಂಡಿದ್ದೆ, ಪೋನ್ ಮುಟ್ಬ್ಯಾಡ ಅಂತ” ಎಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಶಿವನಂಜಪ್ಪನವರು ಎದ್ದು ನಿಂತು ಕೈ ಮುಗಿದರು.

ಮಾರನೆಯ ದಿನ ಬಿಳಿಗೆರೆಯಲ್ಲಿ ಬಸ್ಸಿಳಿದು ಪವಿತ್ರಾಳ ತವರು ಹುಡುಕಿಕೊಂಡು ಹೋದೆ. ತಾಯಿ ಮಗಳು ನಡುಮನೆಯಲ್ಲಿ ಅವರೇಕಾಯಿ ಸುಲಿಯುತ್ತಿದ್ದರು. ಒಳಗೆ ಬನ್ನಿ ಎಂದು ಚಾಪೆ ಹಾಕಿದರು. ನಡೆದದ್ದನ್ನು ಹೇಳಿದೆ. ಕಾಯಿ ಸುಲಿಯುತ್ತಲೇ ಕೇಳಿದಳು. ಕರೆದುಕೊಂಡು ಹೋಗಲು ಅವರು ಬರುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ನಾವು ಅಳೆದದ್ದು ಸರಿಯಾಗಿತ್ತಮ್ಮ, ಟವರಿನಿಂದ ಏನೂ ಇರಲಿಲ್ಲ, ಅದನ್ನು ಹೇಳದೆ ಇರಲು ಆಗುತ್ತಿರಲಿಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ. ಅವಳು ಆ ಪ್ರಶ್ನೆಯನ್ನೇ ಎತ್ತಿರಲಿಲ್ಲ.

“ಸರಿಯಾಗೇ ಅಳೆದಿರಿ ಸರ್” ಎಂದಳು. “ನೀವೆಲ್ಲ ಬರೋ ಗಂಟ ನಮ್ಮತ್ತೆ ನನಗೆ ಒಂದು ಮಾತು ಅಂದವರಲ್ಲ. ಎರಡು ಹೋದಾಗಲೂ ನನ್ನ ತಬ್ಬಿಕೊಂಡು ಆ ಟವರ್‌ಗೇ ಬೈತಿದ್ದರು. ದಿನಾ ಬೆಳಿಗ್ಗೆ ಎದ್ದು ಬೈತಿದ್ದರು. ಅದು ಕಬ್ಬಿಣ. ಎಷ್ಟು ಬೈದರೂ ನಿಂತುಕೊಂಡಿತ್ತು.” ಒಂದು ಕಾಯಿ ಸುಲಿದು ಮೊರಕ್ಕೆ ಹಾಕಿದಳು. “ಅದರ ಮೇಲೇ ಇರಲಿ ಅಂತ ಬಿಟ್ಟಿದ್ದರೆ ನಿಮಗೇನು ಹೋಗ್ತಿತ್ತು ಸರ್?”

ಹೊಸದಾಗಿ ಕೆಲಸಕ್ಕೆ ಬರುವ ಮಕ್ಕಳಿಗೆ ಈ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸಬೇಕು ಎಂದು ಬರೆಯಲು ಕೂತಿದ್ದೆ. ನನ್ನ ಬಳಿ ಇಲ್ಲ. ಅಳೆಯಬೇಡಿ ಎಂದು ನಾನು ಹೇಳಲಾರೆ, ಸುಳ್ಳು ಬರೆಯಿರಿ ಎಂದೂ ಹೇಳಲಾರೆ. ಅಳೆದಾದ ಮೇಲೆ ಏನು ಮಾಡಬೇಕು ಎಂಬುದು ನನಗೆ ಗೊತ್ತಿಲ್ಲ.

ಅವತ್ತು ಅವಳ ತಾಯಿ ನನ್ನ ಮುಂದೆಯೂ ಒಂದು ಬೊಗಸೆ ಕಾಯಿ ಸುರಿದರು. ಬಸ್ಸು ಬರುವವರೆಗೂ ಕೂತು ಸುಲಿದೆ.